ಕಲಿಯುವವನಿಗೆ ಇಟ್ಟ ಹೆಸರುಗಳು

(ಮಾತನಾಡುವವರು ಇಬ್ಬರು: ಬಹುಕಾಲ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿ ನಿವೃತ್ತರಾದ ಹಿರಿಯರು, ಅವರಲ್ಲಿ ಓದಿ, ಈಗ ಪದವಿಪೂರ್ವ ಕಾಲೇಜೊಂದರಲ್ಲಿ ಅದೇ ವಿಷಯವನ್ನು ಬೋಧಿಸುತ್ತಿರುವ ಕಿರಿಯರು.)

ಕಿರಿಯರು: ಗುರುಗಳೇ, ತಮ್ಮಿಂದ ಒಂದು ವಿಷಯವನ್ನು ತಿಳಿದುಕೊಂಡು ಹೋಗೋಣವೆಂದು ಬಂದೆ. ಇಂಗ್ಲಿಷಿನಲ್ಲಿ ಕಲಿಯುವವನಿಗೆ ಇರುವ ಹೆಸರುಗಳು ಒಂದೆರಡಲ್ಲ. ಪ್ಯೂಪಿಲ್, ಸ್ಟೂಡೆಂಟ್, ಸ್ಕಾಲರ್, ಫ್ರೆಶ್‌ಮನ್, ಸಾಫಮೋರ್, ಜೂನಿಯರ್, ಸೀನಿಯರ್, ಅಂಡರ್‌ಗ್ರಾಜುಯೇಟ್, ಅಲಮ್ನಸ್ ಎಂದು ಪಾಠಗಳಲ್ಲಿ ಅಲ್ಲಲ್ಲಿ ಬರುವ ಈ ಮಾತುಗಳಿಗೆಲ್ಲ ನಮ್ಮ ಮಕ್ಕಳು ‘ವಿದ್ಯಾರ್ಥಿ’ ಎಂಬ ಒಂದೇ ಅರ್ಥವನ್ನು ಬರೆದುಕೊಂಡು ಮುಂದೆ ಸಾಗುತ್ತಾರೆ. ಅಮೆರಿಕದಲ್ಲಿ ನೆಲೆಸಿರುವ ತನ್ನ ಚಿಕ್ಕಪ್ಪನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗಲೂ ಫ್ರೆಶ್‌ಮನ್, ನಾಲ್ಕು ವರ್ಷ ಕಳೆದು ಕಾಲೇಜು ಸೇರಿದ ಮೇಲೂ ಫ್ರೆಶ್‌ಮನ್ ಎನಿಸಿಕೊಂಡಳೆಂದು ಕೇಳಿದ ಒಬ್ಬ ಹುಡುಗಿ, ಆಕೆ ನಪಾಸಾಗಿ ಹಿಂದೆ ಬಿದ್ದಳೇ ಎಂದು ನನ್ನನ್ನು ವಿಚಾರಿಸಿದಳು. ಯಾವ ಹಂತಕ್ಕೆ ಯಾವ ಹೆಸರು ಎಂಬುದನ್ನು ತಾವು ಒಂದು ಪಟ್ಟಿಯ ರೂಪದಲ್ಲಿ ಹೇಳಿದರೆ ತರಗತಿಯಲ್ಲಿ ಬರೆಸಿಬಿಡುತ್ತೇನೆ.

ಹಿರಿಯರು: ಪಟ್ಟಿಯನ್ನು ಬರೆಸು, ಅದರಿಂದ ಉಪಕಾರವೇ ಹೊರತು ಅಪಕಾರವಿಲ್ಲ. ಅಮೆರಿಕದ ಪ್ರೌಢಶಾಲೆಯಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ತರಗತಿಗಳು. ಪದವಿಯ ಕಾಲೇಜಿನಲ್ಲಿಯೂ ನಾಲ್ಕು ವರ್ಷಗಳು. ಎರಡೆಡೆಯಲ್ಲಿಯೂ ಕ್ರಮವಾಗಿ ಫ್ರೆಶ್‌ಮನ್, ಸಾಫಮೋರ್, ಜೂನಿಯರ್, ಸೀನಿಯರ್ ಎಂಬ ಅವೇ ನಾಲ್ಕು ಹೆಸರುಗಳು. ಆದುದರಿಂದ ಆ ಹುಡುಗಿ ಹಿಂದೆ ಬಿದ್ದವಳಲ್ಲ, ಒಂದು ಮನೆಯಲ್ಲಿ ಹಿರಿಯಳಾಗಿ ಇನ್ನೊಂದು ಮನೆಗೆ ಹೊಸಬಳಾಗಿ ಬಂದವಳು. ಇಷ್ಟನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಆದರೆ ಸಮಾಜವೊಂದು ತನ್ನ ನಡುವೆ ಕಲಿಯುತ್ತಿರುವವನನ್ನು ಏನೆಂದು ಕರೆಯುತ್ತದೆಯೋ ಅದರಿಂದ ಆ ಸಮಾಜವು ಅವನ ವಿಷಯದಲ್ಲಿ ಯಾವ ಹೊಣೆಯನ್ನು ಹೊತ್ತುಕೊಂಡಿದೆ, ಯಾವುದನ್ನು ಇಳಿಸಿಕೊಂಡಿದೆ ಎಂಬುದೂ ತಿಳಿಯುತ್ತದೆ. ಆ ಕಥೆಯನ್ನು ಬಿಟ್ಟು ಪಟ್ಟಿಯನ್ನಷ್ಟೇ ಬರೆಸಿದರೆ ಮಕ್ಕಳಿಗೆ ಅಂಕ ಬಂದೀತು, ವಿವೇಕ ಬಾರದು.

ಕಿರಿಯರು: ಹಾಗಾದರೆ ಆ ಕಥೆಯನ್ನೇ ಅಪ್ಪಣೆ ಕೊಡಿಸಬೇಕು. ಎಲ್ಲಿಂದ ಮೊದಲುಮಾಡೋಣ?

ಹಿರಿಯರು: ಚಿಕ್ಕ ಮಕ್ಕಳಿಗೆ ಸಲ್ಲುವ ‘ಪ್ಯೂಪಿಲ್’ ಎಂಬುದರಿಂದಲೇ. ರೋಮನರ ಧರ್ಮಶಾಸ್ತ್ರದಲ್ಲಿ ತಂದೆಯನ್ನು ಕಳೆದುಕೊಂಡು ಇನ್ನೂ ಪ್ರಾಯಕ್ಕೆ ಬಾರದ ಬಾಲಕನಿಗೆ ‘ಪುಪಿಲ್ಲುಸ್’ ಎಂದು ಹೆಸರು. ಅವನ ಆಸ್ತಿಯನ್ನೂ ಹಿತವನ್ನೂ ಕಾಯುವುದಕ್ಕೆ ನ್ಯಾಯಸಮ್ಮತವಾಗಿ ನಿಯಮಿತನಾದವನಿಗೆ ‘ತುತೋರ್’ ಎಂದು ಹೆಸರು. ಇಂದು ನಾವು ಮನೆಪಾಠದ ಮೇಷ್ಟರನ್ನು ಟ್ಯೂಟರ್ ಎನ್ನುತ್ತೇವಲ್ಲ, ಅದು ಆ ಪಾಲಕನ ಹೆಸರು. ಈ ಜೋಡಿ ಹುಟ್ಟಿದ್ದು ಪಾಠಶಾಲೆಯಲ್ಲಲ್ಲ, ನ್ಯಾಯಸ್ಥಾನದಲ್ಲಿ. ಬಾಲಕನು ಪ್ರಾಪ್ತವಯಸ್ಕನಾದ ದಿನ ಪಾಲಕನು ತನ್ನ ವಶದಲ್ಲಿದ್ದುದಕ್ಕೆಲ್ಲ ಲೆಕ್ಕ ಒಪ್ಪಿಸಬೇಕಾಗಿತ್ತು. ವಂಚನೆ ಮಾಡಿದ್ದನೆಂದು ಸ್ಥಿರಪಟ್ಟರೆ ನಷ್ಟವನ್ನು ತುಂಬಿಕೊಡುವುದಷ್ಟೇ ಅಲ್ಲದೆ ಪೌರಸಮಾಜದಲ್ಲಿ ಮಾನವನ್ನೂ ಕಳೆದುಕೊಳ್ಳುತ್ತಿದ್ದನು. ಅನಾಥನಾದ ಮಗುವೊಂದನ್ನು ಕಾಯುವ ಭಾರವನ್ನು ಹೊತ್ತವನೇ ಮುಂದೆ ಓದಿಸುವವನಾದನು, ಕಾಯಲ್ಪಟ್ಟವನೇ ಓದುವವನಾದನು.

ಕಿರಿಯರು: ಕಣ್ಣಿನ ಕಪ್ಪಾಲಿಗೂ ಇಂಗ್ಲಿಷಿನಲ್ಲಿ ಪ್ಯೂಪಿಲ್ ಎನ್ನುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವುಂಟೆ?

ಹಿರಿಯರು: ಉಂಟು. ಎದುರಿಗೆ ನಿಂತವನ ಕಣ್ಣಿನೊಳಗೆ ನಮ್ಮ ಪ್ರತಿಬಿಂಬವು ಪುಟ್ಟ ಬೊಂಬೆಯಂತೆ ಕಾಣಿಸುವುದರಿಂದ ಲ್ಯಾಟಿನರು ಅದನ್ನು ಪುಟ್ಟ ಹುಡುಗಿ, ಬೊಂಬೆ ಎಂಬ ಅರ್ಥದ ಮಾತಿನಿಂದ ಕರೆದರು. ನಮ್ಮಲ್ಲಿಯೂ ಕಣ್ಣಿನ ಪಾಪೆ ಎನ್ನುವುದಿಲ್ಲವೆ? ಪಾಪೆಯೆಂದರೆ ಬೊಂಬೆ. ಸಂಸ್ಕೃತದ ಕನೀನಿಕೆಯೂ ಚಿಕ್ಕ ಹುಡುಗಿಯೇ. ಒಬ್ಬರನ್ನೊಬ್ಬರು ಕಾಣದ ಜನರು ಒಂದೇ ದೃಶ್ಯವನ್ನು ಕಂಡು ಒಂದೇ ಬಗೆಯಲ್ಲಿ ಹೆಸರಿಟ್ಟಿದ್ದಾರೆ. ಇನ್ನು ಕಲಿಯುವವನ ವಿಷಯಕ್ಕೆ ಬಂದರೆ, ಬಹುದಿನ ಪ್ಯೂಪಿಲ್ ಎಂಬ ಮಾತು ಇಂಗ್ಲೆಂಡಿನ ಕೆಳಗಿನ ತರಗತಿಗಳಲ್ಲಿ ನಿಂತಿತು. ಮೇಲಿನ ತರಗತಿಗಳಿಗೆ, ಕಾಲೇಜಿಗೆ ‘ಸ್ಟೂಡೆಂಟ್’ ಎಂಬುದು ಸಂದಿತು. ಉತ್ಸುಕನಾಗಿ ಒಂದರ ಬೆನ್ನು ಹತ್ತುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಮಾತು ಅದು. ಕಾಯಲ್ಪಡುವ ವಯಸ್ಸು ಕಳೆದು ತಾನಾಗಿ ಅರಸುವ ವಯಸ್ಸು ಬಂದಾಗ ಹೆಸರೂ ಬದಲಾಯಿಸಿತು ಎಂದುಕೊಂಡರೆ ವ್ಯತ್ಯಾಸವು ಮನಸ್ಸಿನಲ್ಲಿ ನಿಲ್ಲುತ್ತದೆ. ಅಮೆರಿಕದಲ್ಲಿಯಾದರೋ ಈ ಭೇದವನ್ನು ಹೆಚ್ಚಾಗಿ ಪಾಲಿಸದೆ ಎಳೆಯ ಮಗುವನ್ನೂ ಸ್ಟೂಡೆಂಟ್ ಎನ್ನುತ್ತಾರೆ. ಇಂಗ್ಲೆಂಡಿನ ಪ್ರೌಢಶಾಲೆಗಳಿಗೂ ಈಗ ಆ ರೂಢಿ ಬಂದಿದೆ.

ಕಿರಿಯರು: ‘ಸ್ಕಾಲರ್’ ಎಂಬುದನ್ನು ನಾವು ಪಂಡಿತನಿಗೆ ಹೇಳುತ್ತೇವೆ. ಹಳೆಯ ಪುಸ್ತಕಗಳಲ್ಲಿ ಅಕ್ಷರ ತಿದ್ದುವ ಹುಡುಗನೂ ಸ್ಕಾಲರೇ ಆಗಿರುತ್ತಾನೆ.

ಹಿರಿಯರು: ಶಾಲೆಗೆ ಸೇರಿದವನೆಲ್ಲ ಸ್ಕಾಲರೇ. ಶಾಲೆಯ ಇಂಗ್ಲಿಷ್ ಹೆಸರಿಗೆ ಮೂಲವಾದ ಗ್ರೀಕ್ ಮಾತಿಗೆ ಬಿಡುವು ಎಂದು ಅರ್ಥ. ಹೊಟ್ಟೆಪಾಡಿನ ದುಡಿಮೆಯಿಂದ ಬಿಡುವು ದೊರೆತವನು ಮಾತ್ರ ಕಲಿಯಬಲ್ಲನೆಂಬ ಕಠೋರ ಸತ್ಯವು ಅದರಲ್ಲಿದೆ. ಆ ಬಿಡುವು ಎಲ್ಲರಿಗೂ ಎಲ್ಲಿಂದ ಬರಬೇಕು? ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾಪೀಠಗಳಲ್ಲಿ ಇದಕ್ಕೆ ದೊರೆತ ಉತ್ತರವನ್ನು ನೋಡು. ಅಲ್ಲಿ ಕಾಲೇಜಿನ ದತ್ತಿಯಿಂದ ವೆಚ್ಚ ನಡೆಯುತ್ತಿದ್ದ ಪ್ರತಿಭಾವಂತನಿಗೆ ಮಾತ್ರ ಸ್ಕಾಲರ್ ಎಂಬ ಹೆಸರು ವಿಶೇಷವಾಗಿ ಮೀಸಲಾಯಿತು. ತನ್ನ ಊಟದ ಹಣವನ್ನು ತಾನೇ ಕೊಡಬಲ್ಲವನು ಆಕ್ಸ್‌ಫರ್ಡಿನಲ್ಲಿ ‘ಕಾಮನರ್’, ಕೇಂಬ್ರಿಜಿನಲ್ಲಿ ‘ಪೆನ್ಷನರ್’. ಅದಕ್ಕೂ ಗತಿಯಿಲ್ಲದೆ, ಉಳ್ಳವರ ಊಳಿಗ ಮಾಡಿ ಓದುತ್ತಿದ್ದವನು ಆಕ್ಸ್‌ಫರ್ಡಿನಲ್ಲಿ ‘ಸರ್ವಿಟರ್’, ಕೇಂಬ್ರಿಜಿನಲ್ಲಿ ‘ಸೈಜರ್’. ಸೈಜ್ ಎಂದರೆ ಅಲ್ಲಿ ಅಳೆದು ಕೊಡುವ ರೊಟ್ಟಿ ಮತ್ತು ಪಾನೀಯದ ಪಾಲು.

ಕಿರಿಯರು: ಅನ್ನ ಯಾರದೆಂಬುದರ ಮೇಲೆ ವಿದ್ಯಾರ್ಥಿಯ ಹೆಸರು ನಿಂತಿತೆಂದಾಯಿತು.

ಹಿರಿಯರು: ಹೆಸರಿನಲ್ಲಿ ಮಾತ್ರವಲ್ಲ, ಮೈಮೇಲಿನ ಬಟ್ಟೆಯಲ್ಲಿಯೂ ಅದು ಎದ್ದು ಕಾಣುವಂತಿತ್ತು. ಆಕ್ಸ್‌ಫರ್ಡಿನಲ್ಲಿ ಸ್ಕಾಲರನ ಕಪ್ಪು ಗೌನು ತುಂಬುತೋಳಿನದು. ಕಾಮನರನದು ತೋಳಿಲ್ಲದೆ ಗಿಡ್ಡವಾಗಿದ್ದು ಭುಜದಿಂದ ಎರಡು ಪಟ್ಟಿಗಳು ಹಿಂದಕ್ಕೆ ಇಳಿಬಿದ್ದಿರುವಂಥದು. ಈ ವ್ಯತ್ಯಾಸ ಇಂದಿಗೂ ಉಳಿದಿದೆ. ಶ್ರೀಮಂತ ಪ್ರಭುಗಳ ಮಕ್ಕಳು ಹಿಂದೆ ತಮ್ಮ ಟೋಪಿಯ ಮೇಲೆ ಚಿನ್ನದ ಎಳೆಯ ಕುಚ್ಚನ್ನು ಧರಿಸುತ್ತಿದ್ದರು. ಆ ಕುಚ್ಚಿನ ಹಿಂದೆ ಸುಳಿದಾಡಿ ದೊಡ್ಡವರ ಸ್ನೇಹವನ್ನು ಸಂಪಾದಿಸಲೆಳಸುವವನಿಗೆ ‘ಕುಚ್ಚಿನ ಬೇಟೆಗಾರ’ ಎಂಬರ್ಥದ ಬೈಗುಳವೇ ಇಂಗ್ಲಿಷಿನಲ್ಲಿ ಹುಟ್ಟಿತು. ನ್ಯೂಟನ್ನನು 1661ರಲ್ಲಿ ಕೇಂಬ್ರಿಜಿನ ಟ್ರಿನಿಟಿ ಕಾಲೇಜನ್ನು ಸೇರಿದಾಗ ಸೈಜರನಿಗಿಂತಲೂ ಒಂದು ಮೆಟ್ಟಿಲು ಕೆಳಗಿನ ‘ಸಬ್‌ಸೈಜರ್’ ಆಗಿದ್ದನು. 1664ರಲ್ಲಿ ಸ್ಕಾಲರನಾಗಿ ಆಯ್ಕೆಯಾದ ಮೇಲೆಯೇ ಅವನಿಗೆ ಕಾಲೇಜಿನ ಅನ್ನವು ಹಕ್ಕಿನಿಂದ ದೊರೆತದ್ದು. ವಿಶ್ವದ ಗುರುತ್ವವನ್ನು ಅಳೆಯಬೇಕಾಗಿದ್ದ ಮೇಧಾವಿಯು ಮೂರು ವರ್ಷಗಳ ಕಾಲ ಊಳಿಗದವರ ಪಟ್ಟಿಯಲ್ಲಿ ಇದ್ದನೆಂಬುದನ್ನು ನೆನೆದಾಗಲೆಲ್ಲ ನನಗೆ ಆ ವಿದ್ಯಾಪೀಠದ ಮೇಲೆ ಗೌರವವೂ ವಿಷಾದವೂ ಒಟ್ಟಿಗೆ ಹುಟ್ಟುತ್ತವೆ: ಬಡವನಿಗೂ ಬಾಗಿಲನ್ನು ತೆರೆದಿತ್ತೆಂದು ಗೌರವ, ಒಳಗೆ ಬಂದವನ ಬಡತನವನ್ನು ಅವನ ಹೆಸರಾಗಿ ಮಾಡಿತೆಂದು ವಿಷಾದ.

ಕಿರಿಯರು: ನಿಘಂಟುಕಾರ ಡಾಕ್ಟರ್ ಜಾನ್ಸನ್ನನ ಪಾದರಕ್ಷೆಯ ಪ್ರಸಂಗವೂ ಇಂಥದೇ ಅಲ್ಲವೆ?

ಹಿರಿಯರು: ಅವನು ಸರ್ವಿಟರನಲ್ಲ, 1728ರಲ್ಲಿ ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜಿಗೆ ಕಾಮನರನಾಗಿಯೇ ಸೇರಿದವನು. ಜೋಡು ಸವೆದು ಬೆರಳು ಹೊರಗೆ ಕಾಣುತ್ತಿದ್ದುದನ್ನು ಕಂಡು ಯಾರೋ ಕನಿಕರದಿಂದ ಹೊಸ ಜೋಡನ್ನು ಅವನ ಕೋಣೆಯ ಬಾಗಿಲಲ್ಲಿ ಇರಿಸಿದರೆ, ಅದನ್ನು ಕೋಪದಿಂದ ಎಸೆದುಬಿಟ್ಟನೆಂದು ಅವನ ಜೀವನಚರಿತ್ರೆಯನ್ನು ರಚಿಸಿದ ಬಾಸ್ವೆಲ್ ಬರೆದಿದ್ದಾನೆ. ಒಂದು ವರ್ಷದ ಮೇಲೆ ಸ್ವಲ್ಪ ಕಾಲ ಹೇಗೋ ಇದ್ದು, ಹಣವಿಲ್ಲದೆ, ಪದವಿಯಿಲ್ಲದೆ ಹೊರಟುಹೋದನು. 1755ರಲ್ಲಿ ಅವನ ಮಹಾನಿಘಂಟು ಪ್ರಕಟವಾಗುವ ಹೊತ್ತಿಗೆ ಅದೇ ಆಕ್ಸ್‌ಫರ್ಡ್ ಅವನಿಗೆ ಮಾಸ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. ದಯೆಯಿಂದ ಇಟ್ಟ ಜೋಡು ಅವನನ್ನು ನೋಯಿಸಿತು, ಏಕೆಂದರೆ ಅದು ಭಿಕ್ಷೆಯಾಗಿ ಬಂದಿತ್ತು. ಕಲಿಯುವವನಿಗೆ ಸಲ್ಲಬೇಕಾದದ್ದು ಸಲ್ಲತಕ್ಕದ್ದೆಂಬ ಕಾರಣದಿಂದಲೇ ಬಂದರೆ ಅವನ ತಲೆ ತಗ್ಗುವುದಿಲ್ಲ.

ಕಿರಿಯರು: ಇನ್ನು ಫ್ರೆಶ್‌ಮನ್ ಮೊದಲಾದ ನಾಲ್ಕು ಹೆಸರುಗಳು ಅಮೆರಿಕದವೆಂದೇ ನಾನು ತಿಳಿದಿದ್ದೆ.

ಹಿರಿಯರು: ಬಳಕೆಯಲ್ಲಿ ಅಮೆರಿಕದವು, ಹುಟ್ಟಿನಲ್ಲಿ ಕೇಂಬ್ರಿಜಿನವು. ಅಲ್ಲಿ ಹೊಸಬನು ಫ್ರೆಶ್‌ಮನ್; ಅನಂತರ ಅವನು ‘ಸಾಫಿಸ್ಟರ್’ ಆಗುತ್ತಿದ್ದನು, ಎಂದರೆ ತರ್ಕವಾದಗಳಲ್ಲಿ ಭಾಗವಹಿಸಲು ಅರ್ಹನಾದವನು. ಆ ಕಾಲದ ಪರೀಕ್ಷೆಯು ಕಾಗದದ ಮೇಲೆ ಬರೆಯುವಂಥದಾಗಿರಲಿಲ್ಲ. ಒಬ್ಬನು ಪ್ರಮೇಯವೊಂದನ್ನು ಮುಂದಿಟ್ಟು ಲ್ಯಾಟಿನಿನಲ್ಲಿ ಸಮರ್ಥಿಸಬೇಕು, ಇತರರು ಆಕ್ಷೇಪಿಸಬೇಕು, ಹಿರಿಯನೊಬ್ಬನು ಮಧ್ಯಸ್ಥನಾಗಿ ಕುಳಿತು ನಿರ್ಣಯಿಸಬೇಕು. ನಮ್ಮ ವಾಕ್ಯಾರ್ಥಗೋಷ್ಠಿಯನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. 1636ರಲ್ಲಿ ಸ್ಥಾಪಿತವಾದ ಹಾರ್ವರ್ಡ್ ಕಾಲೇಜಿನ ಮೊದಲ ಅಧ್ಯಕ್ಷನಾದ ಹೆನ್ರಿ ಡನ್‌ಸ್ಟರ್ ಕೇಂಬ್ರಿಜಿನಲ್ಲಿ ಓದಿದವನು. ಅವನಂಥವರೊಡನೆ ಆ ವಿದ್ಯಾಪೀಠದ ಪದ್ಧತಿಗಳೂ ಹೆಸರುಗಳೂ ಸಮುದ್ರವನ್ನು ದಾಟಿದವು. ಜೂನಿಯರ್ ಸಾಫಿಸ್ಟರ್, ಸೀನಿಯರ್ ಸಾಫಿಸ್ಟರ್ ಎಂಬ ಉದ್ದನೆಯ ಹೆಸರುಗಳು ಬಾಲವನ್ನು ಕಳೆದುಕೊಂಡು ಬರಿಯ ಜೂನಿಯರ್, ಸೀನಿಯರ್ ಆದವು. 1592ರಲ್ಲಿ ಸ್ಥಾಪಿತವಾದ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಇಂದಿಗೂ ನಾಲ್ಕು ವರ್ಷಗಳ ವಿದ್ಯಾರ್ಥಿಗಳು ಜೂನಿಯರ್ ಫ್ರೆಶ್, ಸೀನಿಯರ್ ಫ್ರೆಶ್, ಜೂನಿಯರ್ ಸಾಫಿಸ್ಟರ್, ಸೀನಿಯರ್ ಸಾಫಿಸ್ಟರ್ ಎಂದೇ ಎಣಿಕೆಯಾಗುತ್ತಾರೆ.

ಕಿರಿಯರು: ಸಾಫಮೋರ್ ಎಂದರೆ ಜ್ಞಾನಿಯೂ ಮೂರ್ಖನೂ ಆದವನೆಂದು ಗ್ರೀಕ್ ಮಾತುಗಳಿಂದ ಅರ್ಥ ಹೇಳುವುದನ್ನು ಕೇಳಿದ್ದೇನೆ.

ಹಿರಿಯರು: ಜನರು ಪ್ರೀತಿಯಿಂದ ಕಟ್ಟಿಕೊಂಡ ವ್ಯುತ್ಪತ್ತಿ ಅದು. ತರ್ಕವಾದಕ್ಕೆ ಹೇಳುತ್ತಿದ್ದ ಹಳೆಯ ಮಾತೊಂದರಿಂದ ಆ ಹೆಸರು ಬಂದಿತೆಂಬುದೇ ವಿದ್ವಾಂಸರು ಒಪ್ಪುವ ಪಕ್ಷ. ಆದರೂ ಎರಡನೆಯ ವರ್ಷದ ವಿದ್ಯಾರ್ಥಿಯನ್ನು ಬಲ್ಲ ಯಾವ ಅಧ್ಯಾಪಕನೂ ಆ ಕಟ್ಟುಕಥೆಯಲ್ಲಿ ಅನುಭವದ ಅಂಶವೇ ಇಲ್ಲವೆಂದು ಹೇಳಲಾರನು. ಇದಕ್ಕಿಂತ ನನ್ನ ಮನಸ್ಸನ್ನು ಹಿಡಿದಿರುವುದು ಸ್ಕಾಟ್ಲೆಂಡಿನ ಹೆಸರುಗಳು. 1413ರಲ್ಲಿ ಪೋಪರ ಮನ್ನಣೆ ಪಡೆದ ಸೇಂಟ್ ಆಂಡ್ರೂಸ್ ವಿದ್ಯಾಪೀಠದಲ್ಲಿ ಮೊದಲ ವರ್ಷದವನು ‘ಬೀಜಂಟ್’. ಹಳದಿ ಕೊಕ್ಕು ಎಂಬರ್ಥದ ಫ್ರೆಂಚ್ ಮಾತು ಪ್ಯಾರಿಸಿನಿಂದ ಅಲ್ಲಿಗೆ ಬಂದು ಈ ರೂಪವನ್ನು ತಾಳಿತು. ಗೂಡನ್ನು ಬಿಡದ ಹಕ್ಕಿಮರಿಯ ಕೊಕ್ಕು ಹಳದಿಯಾಗಿರುತ್ತದೆ. ಅನಂತರ ಸೆಮಿಬೀಜಂಟ್, ಟರ್ಷಿಯನ್. ನಾಲ್ಕನೆಯ ವರ್ಷದಲ್ಲಿ, ಮಾಸ್ಟರನಾಗಲಿರುವವನು ಎಂಬ ಅರ್ಥದಲ್ಲಿ, ‘ಮ್ಯಾಜಿಸ್ಟ್ರಂಡ್’. ಅಲ್ಲಿ ಹೊಸಬನು ಹಿರಿಯ ವಿದ್ಯಾರ್ಥಿಗೆ ಒಂದು ಪೌಂಡು ಒಣದ್ರಾಕ್ಷಿಯನ್ನು ಒಪ್ಪಿಸುವ ಸಂಪ್ರದಾಯ ಬೆಳೆಯಿತು. ಹಿರಿಯನು ಅದಕ್ಕೆ ಲ್ಯಾಟಿನಿನಲ್ಲಿ ರಸೀತಿ ಬರೆದುಕೊಡಬೇಕು. ಇಂದಿಗೂ ಅಲ್ಲಿ ಮೇಲಿನ ವರ್ಷದವರು ಹೊಸಬರನ್ನು ಮಕ್ಕಳೆಂದು ಸ್ವೀಕರಿಸಿ ‘ವಿದ್ಯಾಕುಲದ ತಾಯಿತಂದೆ’ಗಳಾಗುತ್ತಾರೆ.

ಕಿರಿಯರು: ಇದನ್ನು ಕೇಳಿದಾಗ ನಮ್ಮ ಕಾಲೇಜುಗಳಲ್ಲಿ ಸೀನಿಯರ್ ಎಂಬ ಮಾತು ಪಡೆದುಕೊಂಡಿರುವ ಭಯಂಕರವಾದ ಅರ್ಥವು ನೆನಪಾಗುತ್ತದೆ. ಹಾಸ್ಟೆಲಿಗೆ ಮಗನನ್ನು ಬಿಟ್ಟು ಹಿಂದಿರುಗುವ ತಾಯಿ ಅವನ ಸೀನಿಯರುಗಳು ಹೇಗಿದ್ದಾರೋ ಎಂದು ಅಂಜುತ್ತಾ ಬಸ್ಸು ಹತ್ತುತ್ತಾಳೆ.

ಹಿರಿಯರು: ಆ ಕ್ರೌರ್ಯವು ನಮ್ಮಲ್ಲೇ ಹುಟ್ಟಿದ್ದೂ ಅಲ್ಲ, ಯುರೋಪು ಅದರಿಂದ ಮುಕ್ತವಾಗಿದ್ದುದೂ ಅಲ್ಲ. ಮಧ್ಯಯುಗದ ಜರ್ಮನ್ ವಿದ್ಯಾಪೀಠಗಳಲ್ಲಿ ಹೊಸಬನ ತಲೆಗೆ ಕೊಂಬುಗಳನ್ನು ಕಟ್ಟಿ, ಅವನು ಇನ್ನೂ ಮೃಗವೆಂದು ಅಣಕಿಸಿ, ಆ ಕೊಂಬುಗಳನ್ನು ಕತ್ತರಿಸುವ ಕ್ರಿಯೆಯೊಂದು ವಿಧಿಪೂರ್ವಕವಾಗಿ ನಡೆಯುತ್ತಿತ್ತು. ಹಿರಿತನವೆಂಬುದು ಹೊಣೆಯನ್ನು ಕಳಚಿಕೊಂಡು ಬರಿಯ ಅಧಿಕಾರವಾಗಿ ಉಳಿದಾಗ ಎಲ್ಲಿಯಾದರೂ ಆಗುವುದು ಇದೇ. ನಮ್ಮ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ರ‍್ಯಾಗಿಂಗನ್ನು ತಡೆಯುವುದಕ್ಕಾಗಿಯೇ ವಿಸ್ತಾರವಾದ ನಿಯಮಾವಳಿಯನ್ನು ಹೊರಡಿಸಬೇಕಾಗಿ ಬಂದಿತು. ಪ್ರವೇಶದ ಹೊತ್ತಿಗೆ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡುವ ಪದ್ಧತಿ ಅದರಿಂದ ಬಂದುದು. ನಿಯಮವು ಕೆಡುಕನ್ನು ತಡೆದೀತು. ಹಿರಿಯನು ಕಿರಿಯನಿಗೆ ಏನು ಕೊಡಬೇಕೆಂಬುದನ್ನು ಕಲಿಸುವ ಭಾರ ಮಾತ್ರ ನಿನ್ನಂಥವರದು.

ಕಿರಿಯರು: ಕಾಲೇಜಿನ ಹೆಸರುಗಳಾದವು. ಇಂಗ್ಲೆಂಡಿನ ಶಾಲೆಗಳಲ್ಲಿ ತರಗತಿಗಳಿಗೆ ಫಾರ್ಮ್ ಎಂಬ ಎಣಿಕೆಯೂ ಇದೆಯಷ್ಟೆ.

ಹಿರಿಯರು: ಇತ್ತು. ಮೊದಲನೆಯ ಫಾರ್ಮಿನಿಂದ ಆರನೆಯದರವರೆಗೆ. ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ, ಹಳೆಯ ಪಾಠಮಂದಿರದ ಶಂಖಾಕಾರದ ತುದಿಯಲ್ಲಿ ಕುಳಿತುಕೊಳ್ಳುತ್ತಿದ್ದ ತರಗತಿಗೆ ‘ಷೆಲ್’ ಎಂಬ ಹೆಸರೂ ಇತ್ತು. 1988ರ ಶಿಕ್ಷಣ ಸುಧಾರಣೆಯ ಶಾಸನದ ತರುವಾಯ ಇಯರ್ ಒಂದು, ಇಯರ್ ಎರಡು ಎಂಬ ಸರಳವಾದ ಅಂಕಿಗಳು ರೂಢವಾದವು. ಹದಿನಾರರಿಂದ ಹದಿನೆಂಟು ವಯಸ್ಸಿನವರ ಸಿಕ್ಸ್ತ್ ಫಾರ್ಮ್ ಮಾತ್ರ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಎಲ್ಲಕ್ಕೂ ಕೆಳಗಿನ ಮೆಟ್ಟಿಲಿನ ಹೆಸರು ಇಂಗ್ಲಿಷೇ ಅಲ್ಲ. ಫ್ರೋಬೆಲ್ ಎಂಬ ಜರ್ಮನ್ ಶಿಕ್ಷಣತಜ್ಞನು 1840ರಲ್ಲಿ ತನ್ನ ಶಿಶುಶಾಲೆಗೆ ಇಟ್ಟ ‘ಕಿಂಡರ್‌ಗಾರ್ಟನ್’, ಮಕ್ಕಳ ತೋಟ, ಇಂದು ನಮ್ಮ ಬೀದಿಬೀದಿಗಳಲ್ಲಿ ಎಲ್‌ಕೆಜಿ, ಯುಕೆಜಿ ಎಂಬ ಅಕ್ಷರಗಳಾಗಿ ಕುಗ್ಗಿದೆ. ತೋಟವೆಂದು ಹೆಸರಿಟ್ಟವನು ಮಗುವಿನ ಆಟವನ್ನೇ ಅದರ ಪಾಠವೆಂದು ನಂಬಿದ್ದನು. ಹೆಸರಿನ ಮೊದಲ ಅಕ್ಷರಗಳನ್ನು ಇಟ್ಟುಕೊಂಡ ನಾವು ಮೂರೂವರೆ ವರ್ಷದ ಕೂಸಿಗೆ ಬರವಣಿಗೆಯ ಮನೆಗೆಲಸವನ್ನು ಹೊರಿಸುತ್ತಿದ್ದೇವೆ.

ಕಿರಿಯರು: ಹಾಗಾದರೆ ಈ ಹೆಸರುಗಳು ನಮ್ಮ ನಾಡಿಗೆ ಬಂದಾಗ ಎಲ್ಲದಕ್ಕೂ ಇದೇ ಗತಿಯಾಯಿತೆ?

ಹಿರಿಯರು: ಬಹುಮಟ್ಟಿಗೆ ಹೌದು. ಮೆಟ್ರಿಕ್ಯುಲೇಷನ್ ಎಂಬುದನ್ನೇ ತೆಗೆದುಕೊ. ವಿದ್ಯಾಪೀಠದ ನಾಮಾವಳಿಯಲ್ಲಿ ಹೊಸಬನ ಹೆಸರನ್ನು ಬರೆದುಕೊಳ್ಳುವುದು, ಅವನನ್ನು ತಮ್ಮವನೆಂದು ಒಪ್ಪಿಕೊಳ್ಳುವುದು ಅದರ ಅರ್ಥ. ಆಕ್ಸ್‌ಫರ್ಡಿನಲ್ಲಿ ಅದು ಇಂದಿಗೂ ಗೌನು ಧರಿಸಿ ನಡೆಸುವ ಸ್ವಾಗತದ ಸಮಾರಂಭ. ಭಾರತದ ಶಿಕ್ಷಣವನ್ನು ಕುರಿತ 1854ರ ವುಡ್ಡನ ನಿರೂಪವನ್ನು ಅನುಸರಿಸಿ 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದಾಗ ಅವು ಮೊದಮೊದಲು ಪಾಠ ಹೇಳುವ ಸಂಸ್ಥೆಗಳಾಗಿರದೆ ಪರೀಕ್ಷೆ ನಡೆಸುವ ಸಂಸ್ಥೆಗಳಾಗಿದ್ದವು. ಹೀಗಾಗಿ ಪ್ರವೇಶದ ಹೆಸರು ಪ್ರವೇಶಕ್ಕೆ ಮುಂಚಿನ ಪರೀಕ್ಷೆಗೆ ಅಂಟಿಕೊಂಡಿತು. ಕೊನೆಗೆ ಮೆಟ್ರಿಕ್ ಎಂದರೆ ಶಾಲೆಯ ಓದು ಮುಗಿದುದರ ಹೆಸರಾಯಿತು. ಒಳಗೆ ಬರಮಾಡಿಕೊಳ್ಳುವ ಮಾತು ಅನೇಕರ ಪಾಲಿಗೆ ಹೊರಗೆ ಕಳುಹಿಸುವ ಮಾತಾಯಿತು.

ಕಿರಿಯರು: ನಮ್ಮ ತಾತನವರು ಮುಲ್ಕಿ ಪಾಸಾದವರೆಂದು ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಾರೆ.

ಹಿರಿಯರು: ಅವರು ಧಾರವಾಡದ ಕಡೆಯವರಲ್ಲವೆ! ಏಕೀಕರಣಕ್ಕೆ ಮುಂಚೆ ಒಂದೇ ವಯಸ್ಸಿನ ಕನ್ನಡದ ಹುಡುಗರು ಎಷ್ಟು ಹೆಸರುಗಳಿಗೆ ಹಂಚಿಹೋಗಿದ್ದರು ನೋಡು. ಮುಂಬಯಿ ಆಧಿಪತ್ಯದ ಹುಡುಗನು ಕನ್ನಡ ಏಳನೆಯ ಇಯತ್ತೆಯಲ್ಲಿ ಮುಲ್ಕಿ ಪರೀಕ್ಷೆಗೆ ಕೂರುತ್ತಿದ್ದನು. ಮದರಾಸಿಗೆ ಸೇರಿದ ಮಂಗಳೂರಿನ ಹುಡುಗನು ಇಂಗ್ಲೆಂಡಿನ ಎಣಿಕೆಯಂತೆ ಫಸ್ಟ್ ಫಾರಂ, ಸೆಕೆಂಡ್ ಫಾರಂ ಎನ್ನುತ್ತಿದ್ದನು. ಮೈಸೂರಿನವನು ಲೋಯರ್ ಸೆಕೆಂಡರಿಯನ್ನು ದಾಟಿ ಹೈಸ್ಕೂಲಿಗೆ ಹೋಗುತ್ತಿದ್ದನು. ನಿಜಾಮರ ಆಳ್ವಿಕೆಯ ಕಲಬುರಗಿಯವನು ಉರ್ದುವಿನ ಜಮಾತುಗಳನ್ನು ಎಣಿಸುತ್ತಿದ್ದನು. 1956ರ ನಂತರವೇ ಇವರ ಮೊಮ್ಮಕ್ಕಳು ಒಂದೇ ಎಣಿಕೆಯ ಅಡಿಗೆ ಬಂದದ್ದು. ಎಲ್ಲ ಕಡೆಯಲ್ಲಿಯೂ ಉಳಿದ ಒಂದು ಲಕ್ಷಣವೆಂದರೆ ಹೆಸರು ಪರೀಕ್ಷೆಗೆ ಕಟ್ಟುಬಿದ್ದದ್ದು. ಬೇರೆ ನಾಡಿನಲ್ಲಿ ಪದವಿ ದೊರೆತವನಿಗೆ ಮಾತ್ರ ಹೆಸರುಂಟು, ನಮ್ಮಲ್ಲಿ ‘ಬಿ.ಎ. ಫೇಲ್’ ಎಂಬುದನ್ನೂ ಹೆಸರಿನ ಜೊತೆಗೆ ಹೇಳಿಕೊಳ್ಳುವಷ್ಟು ಪರೀಕ್ಷೆಯು ಜನರ ಬಾಳನ್ನು ಆಕ್ರಮಿಸಿತು.

ಕಿರಿಯರು: ಈಗಿನ ಬೆಂಗಳೂರಿನಲ್ಲಿ ‘ಫ್ರೆಷರ್’ ಎಂದರೆ ಓದು ಮುಗಿಸಿ ಮೊದಲ ಕೆಲಸಕ್ಕಾಗಿ ಅರ್ಜಿ ಹಾಕುತ್ತಿರುವವನು. ಆಕ್ಸ್‌ಫರ್ಡಿನಲ್ಲಿ ಕಾಲೇಜಿಗೆ ಕಾಲಿಟ್ಟವನ ಹೆಸರು ಇಲ್ಲಿ ಕಾಲೇಜು ಬಿಟ್ಟವನ ಹೆಸರಾಗಿದೆ.

ಹಿರಿಯರು: ಸರಿಯಾಗಿ ಗಮನಿಸಿದ್ದೀಯೆ. ಹದಿನಾರು ವರ್ಷ ಓದಿದ ಹುಡುಗನನ್ನು ಪುನಃ ಹೊಸಬನೆಂದು ಕರೆಯುವ ಹಕ್ಕನ್ನು ನಾವು ಉದ್ಯೋಗದ ಮಾರುಕಟ್ಟೆಗೆ ಬಿಟ್ಟುಕೊಟ್ಟಿದ್ದೇವೆ.

ಕಿರಿಯರು: ಆದುದರಿಂದಲೇ ಅಂತೇವಾಸಿ, ಛಾತ್ರ, ಸ್ನಾತಕ ಎಂಬ ನಮ್ಮ ಪ್ರಾಚೀನ ನಾಮಗಳೇ ಶ್ರೇಷ್ಠವೆಂದು ಕೆಲವರು ಹೇಳುತ್ತಾರೆ.

ಹಿರಿಯರು: ಅವು ಅರ್ಥವತ್ತಾದ ನಾಮಗಳೆಂಬುದರಲ್ಲಿ ಸಂದೇಹವಿಲ್ಲ. ಗುರುವಿನ ಬಳಿಯಲ್ಲೇ ವಾಸಿಸುವವನು ಅಂತೇವಾಸಿ. ವ್ರತವನ್ನು ಮುಗಿಸಿ ಸಮಾವರ್ತನದ ಸ್ನಾನ ಮಾಡಿದವನು ಸ್ನಾತಕ. ಈ ಎರಡನೆಯದನ್ನು ಇಂದಿನ ಪದವೀಧರನಿಗೆ ಹೊಂದಿಸಿಕೊಂಡು, ಅದರಿಂದ ಸ್ನಾತಕೋತ್ತರವೆಂಬ ಮಾತನ್ನೂ ಕಟ್ಟಿಕೊಂಡಿದ್ದೇವೆ. ನಾವು ಘಟಿಕೋತ್ಸವ ಎನ್ನುವಾಗ ಹಳೆಯ ವಿದ್ಯಾಕೇಂದ್ರಗಳಾದ ಘಟಿಕಾಸ್ಥಾನಗಳ ನೆನಪು ನಮ್ಮೊಡನಿರುತ್ತದೆ. ಕದಂಬರ ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದನೆಂದು ತಾಳಗುಂದದ ಶಾಸನವು ಸಾರುತ್ತದೆ. ಇನ್ನು ಛಾತ್ರನ ವಿಷಯದಲ್ಲಿ ಪತಂಜಲಿಯ ಮಹಾಭಾಷ್ಯವು ಕೊಡುವ ವಿವರಣೆ ಎಲ್ಲಕ್ಕಿಂತ ಹಿರಿದು: ಗುರುವು ಶಿಷ್ಯನನ್ನು ಛತ್ರದಂತೆ ಮರೆಮಾಡಿ ರಕ್ಷಿಸಬೇಕು, ಶಿಷ್ಯನೂ ಗುರುವನ್ನು ಛತ್ರವನ್ನೆಂತೋ ಅಂತೆಯೇ ಜೋಪಾನ ಮಾಡಬೇಕು. ಒಂದೇ ಹೆಸರಿನಲ್ಲಿ ಇಬ್ಬರ ಹೊಣೆಯೂ ಅಡಗಿದೆ. ಆದರೆ ಪ್ರಶಂಸಿಸುವ ಉತ್ಸಾಹದಲ್ಲಿ ಸತ್ಯವನ್ನು ಮರೆಯಬಾರದು. ಆ ಛತ್ರದ ನೆರಳು ಎಷ್ಟು ಜನರ ಮೇಲೆ ಬಿದ್ದಿತ್ತು? ಏಕಲವ್ಯನಿಗೆ ಅದು ದೊರೆಯಲಿಲ್ಲ. ಊರಿನ ದುಡಿಯುವ ಜನರಿಗೂ, ಬಹುತೇಕ ಎಲ್ಲ ಹೆಣ್ಣುಮಕ್ಕಳಿಗೂ ದೊರೆಯಲಿಲ್ಲ. ಹೆಸರೆಷ್ಟೇ ಸುಂದರವಾದರೂ ಅದರೊಳಗೆ ಬರುವ ಹಕ್ಕು ಕೆಲವರದಷ್ಟೇ ಆದರೆ ಅದು ಅಪೂರ್ಣವಾದ ಹೆಸರು.

ಕಿರಿಯರು: ಪಶ್ಚಿಮದಲ್ಲಿಯೂ ಹೆಣ್ಣುಮಕ್ಕಳ ಪಾಡು ಅದೇ ಆಗಿತ್ತಲ್ಲವೆ? ಫ್ರೆಶ್‌ಮನ್ ಎಂಬುದರಲ್ಲಿಯೇ ಗಂಡಸು ಕುಳಿತಿದ್ದಾನೆ.

ಹಿರಿಯರು: ಕೇಂಬ್ರಿಜಿನ ಗರ್ಟನ್ ಕಾಲೇಜು ಸ್ತ್ರೀಯರಿಗಾಗಿ ಆರಂಭವಾದದ್ದು 1869ರಲ್ಲಿ, ಅವರಿಗೆ ಆ ವಿಶ್ವವಿದ್ಯಾಲಯವು ಪೂರ್ಣ ಪದವಿಯನ್ನು ಕೊಟ್ಟದ್ದು 1948ರಲ್ಲಿ. ಆಕ್ಸ್‌ಫರ್ಡ್ 1920ರಲ್ಲಿಯೇ ಕೊಟ್ಟಿತು. ಅದೇ ಪಾಠವನ್ನು ಕೇಳಿ, ಅದೇ ಪರೀಕ್ಷೆಯನ್ನು ಬರೆದು, ಗಂಡಸರಿಗಿಂತ ಮೇಲೆ ಬಂದವಳಿಗೂ ಪದವೀಧರೆ ಎಂಬ ಹೆಸರು ಇಲ್ಲದೆ ಎಂಬತ್ತು ವರ್ಷ ಸಮೀಪಿಸಿತು. ಅಮೆರಿಕದ ಯೇಲ್ ಕಾಲೇಜು 2017ರಲ್ಲಿ ಫ್ರೆಶ್‌ಮನ್ ಎಂಬುದನ್ನು ತನ್ನ ಅಧಿಕೃತ ವ್ಯವಹಾರದಿಂದ ಕೈಬಿಟ್ಟು ‘ಫಸ್ಟ್ ಇಯರ್’ ಎಂಬುದನ್ನು ಅಂಗೀಕರಿಸಿತು. ಹಳೆಯ ಮಾತನ್ನು ಕಳೆದುಕೊಂಡೆವೆಂದು ಮರುಗಿದವರೂ ಇದ್ದಾರೆ. ನನಗೂ ಹಳೆಯ ಮಾತುಗಳೆಂದರೆ ಪ್ರೀತಿಯೇ. ಆದರೆ ಒಳಗೆ ಬಂದವರೆಲ್ಲ ತಮ್ಮದೆನ್ನಬಹುದಾದ ಹೆಸರಿಗಾಗಿ ಹಳೆಯದೊಂದು ಮಾತು ಹೋದರೆ ಆ ನಷ್ಟವನ್ನು ಸಂತೋಷದಿಂದ ಭರಿಸಬೇಕು.

ಕಿರಿಯರು: ಉಳಿದದ್ದು ಅಲಮ್ನಸ್. ನಮ್ಮಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘವೆಂದು ವರ್ಷಕ್ಕೊಮ್ಮೆ ಸೇರುತ್ತೇವೆ.

ಹಿರಿಯರು: ಸಾಕುಮಗನೆಂದು ಅದರ ಅರ್ಥ, ಪೋಷಿಸು ಎಂಬ ಧಾತುವಿನಿಂದ ಬಂದುದು. ಓದಿದ ಸಂಸ್ಥೆಯನ್ನು ‘ಆಲ್ಮಾ ಮೇಟರ್’, ಪೋಷಿಸಿದ ತಾಯಿ, ಎಂದು ಕರೆಯುವುದೂ ಇದೇ ಭಾವದಿಂದ. ಈಗ ಮೊದಲಿನಿಂದ ಕೊನೆಯವರೆಗೆ ನೋಡು: ಪ್ಯೂಪಿಲ್ ಎಂಬಲ್ಲಿ ಪಾಲಕನಿದ್ದಾನೆ, ಸೈಜರ್ ಎಂಬಲ್ಲಿ ಅನ್ನವಿದೆ, ಬೀಜಂಟ್ ಎಂಬಲ್ಲಿ ಹಕ್ಕಿಮರಿಯಿದೆ, ಅಲಮ್ನಸ್ ಎಂಬಲ್ಲಿ ಸಾಕಿದ ತಾಯಿಯಿದ್ದಾಳೆ. ಕಲಿಯುವವನು ಎಷ್ಟು ಬಲ್ಲನೆಂಬುದನ್ನು ಹೇಳುವುದಕ್ಕೆ ಮುಂಚೆ ಅವನನ್ನು ಯಾರು ಕಾಯಬೇಕೆಂಬುದನ್ನು ಈ ಹೆಸರುಗಳು ಹೇಳುತ್ತವೆ. ಹೆಸರು ಇಟ್ಟವರು ಆ ಹೊಣೆಯನ್ನು ಸದಾ ನಡೆಸಿದರೆಂದು ನಾನು ಹೇಳಲಾರೆ. ನಡೆಸಬೇಕೆಂಬ ಪ್ರತಿಜ್ಞೆಯಂತೂ ಆ ಹೆಸರುಗಳಲ್ಲಿದೆ. ನಾವು ಅವುಗಳ ಮೇಲುಕೀಳುಗಳನ್ನು ಮಾತ್ರ ಆಮದು ಮಾಡಿಕೊಂಡು ಪ್ರತಿಜ್ಞೆಯನ್ನು ಅಲ್ಲಿಯೇ ಬಿಟ್ಟೆವು ಎಂಬುದೇ ನನ್ನ ಕೊರಗು.

ಕಿರಿಯರು: ತಾವು ಹೇಳಿದ ಹೆಸರುಗಳೆಲ್ಲ ಒಳಗಿರುವವರವು. ಮಧ್ಯದಲ್ಲಿ ಬಿಟ್ಟುಹೋದವರಿಗೆ ಇಂಗ್ಲಿಷಿನಲ್ಲಿ ‘ಡ್ರಾಪ್‌ಔಟ್’ ಎಂಬ ಒಂದೇ ಹೆಸರು. ನನ್ನ ಹಾಜರಿ ಪುಸ್ತಕದಲ್ಲಿ ಪ್ರತಿವರ್ಷವೂ ಕೆಲವು ಹೆಸರುಗಳ ಮುಂದೆ ಸಾಲುಸಾಲಾಗಿ ಗೈರುಹಾಜರಿಯ ಗುರುತು ಬೀಳುತ್ತಾ ಹೋಗಿ, ಜನವರಿಯ ಹೊತ್ತಿಗೆ ಆ ಹೆಸರಿನ ಮೇಲೆ ಗೀಟು ಬೀಳುತ್ತದೆ. ಒಬ್ಬಳಿಗೆ ಮದುವೆ ಗೊತ್ತಾಗಿರುತ್ತದೆ, ಒಬ್ಬ ಗಾರೆ ಕೆಲಸಕ್ಕೆ ಹೋಗಿರುತ್ತಾನೆ.

ಹಿರಿಯರು: ಆ ಇಂಗ್ಲಿಷ್ ಮಾತು ಜಾರಿಹೋದ ತಪ್ಪನ್ನೆಲ್ಲ ಜಾರಿದವನ ಮೇಲೆಯೇ ಹೊರಿಸುತ್ತದೆ. ಮಗುವು ತಾನಾಗಿ ಬಿಟ್ಟಿತೋ, ಹಿಡಿದಿರಬೇಕಾದ ಕೈಗಳು ಬಿಟ್ಟವೋ ಎಂಬ ಪ್ರಶ್ನೆಯನ್ನು ಅದು ಏಳಗೊಡುವುದಿಲ್ಲ. ಆದರೆ ನಮ್ಮ ಗಣರಾಜ್ಯವು ಈ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ಟಿದೆ. 2002ರ ಎಂಬತ್ತಾರನೆಯ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವರ್ಷದವರೆಗಿನ ಶಿಕ್ಷಣವು ಸಂವಿಧಾನದಲ್ಲಿ ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣದ ಹಕ್ಕಿನ ಶಾಸನವು 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದು, ಮಗುವನ್ನು ಶಾಲೆಗೆ ಸೇರಿಸಿ, ಅದು ಹಾಜರಾಗುವಂತೆ ನೋಡಿಕೊಂಡು, ಪ್ರಾಥಮಿಕ ಶಿಕ್ಷಣವನ್ನು ಮುಗಿಸುವಂತೆ ಮಾಡುವ ಕರ್ತವ್ಯವನ್ನು ಸರ್ಕಾರದ ಮೇಲೆ ಹೊರಿಸಿತು. ರೋಮಿನ ಪಾಲಕನು ಒಬ್ಬ ಅನಾಥನಿಗೆ ಲೆಕ್ಕ ಒಪ್ಪಿಸಬೇಕಾಗಿದ್ದರೆ ನಮ್ಮ ರಾಜ್ಯವು ನಾಡಿನ ಪ್ರತಿಯೊಂದು ಮಗುವಿಗೂ ಒಪ್ಪಿಸಬೇಕು. ಹದಿನಾಲ್ಕರ ಮೇಲಿನವರು, ಎಂದರೆ ನಿನ್ನ ತರಗತಿಯ ಮಕ್ಕಳು, ಆ ಶಾಸನದ ಆಶ್ರಯದಿಂದ ಹೊರಗೆ ಉಳಿದಿದ್ದಾರೆ; ಆ ವಯಸ್ಸಿನಲ್ಲಿಯೇ ಅವರನ್ನು ಕೆಲಸವೂ ಮದುವೆಯೂ ಎಳೆದುಕೊಳ್ಳುವುದು. ಅವರಿಗೆ ಶಾಸನವಿಲ್ಲದ ಕಡೆ ಅಧ್ಯಾಪಕರೇ ಪಾಲಕರು.

ಕಿರಿಯರು: ಅಧ್ಯಾಪಕನ ಕೈಯಲ್ಲಿ ಏನಿದೆ, ಗುರುಗಳೇ?

ಹಿರಿಯರು: ಎಲ್ಲವೂ ಇಲ್ಲ, ಏನೂ ಇಲ್ಲದೆಯೂ ಇಲ್ಲ. ಹೆಸರಿನ ಮೇಲೆ ಗೀಟು ಹಾಕುವ ಮುಂಚೆ ಆ ಮನೆಗೆ ಹೋಗಿ ಬರುವುದು ನಿನ್ನ ಕೈಯಲ್ಲಿದೆ. ವಿದ್ಯಾರ್ಥಿವೇತನದ ಅರ್ಜಿಯ ಕಡೆಯ ದಿನವನ್ನು ತಂದೆಗೆ ತಿಳಿಸಿ, ಅರ್ಜಿಯನ್ನು ತುಂಬಿಸುವುದು, ಹದಿನೆಂಟು ತುಂಬದವಳ ಮದುವೆಯನ್ನು ನಿಲ್ಲಿಸಲು ಅಧಿಕಾರಿಗಳಿಗೆ ತಿಳಿಸುವುದು, ಮತ್ತೆ ಪರೀಕ್ಷೆ ಬರೆಯಬಹುದೆಂದು ನಪಾಸಾದವನಿಗೆ ಧೈರ್ಯ ಹೇಳುವುದು, ಇವೆಲ್ಲ ನಿನ್ನ ಕೈಯಲ್ಲಿವೆ. ಇದರಿಂದ ಎಲ್ಲರೂ ಹಿಂದಿರುಗುತ್ತಾರೆಂದಲ್ಲ. ನಾಲ್ವರಲ್ಲಿ ಒಬ್ಬನು ಬಂದರೂ ನೀನು ಹೋದದ್ದು ಸಾರ್ಥಕ. ಈ ಕೆಲಸವನ್ನು ಅಧ್ಯಾಪಕನ ಔದಾರ್ಯವೆಂದು ಯಾರಾದರೂ ಹೊಗಳಿದರೆ ಒಪ್ಪಿಕೊಳ್ಳಬೇಡ. ಅದು ನಿನ್ನ ವೃತ್ತಿಯ ಹೆಸರಿನಲ್ಲಿಯೇ ಅಡಕವಾಗಿರುವ ಕರ್ತವ್ಯ.

ಕಿರಿಯರು: ಪಟ್ಟಿಯನ್ನಂತೂ ನಾಳೆ ಬರೆಸುತ್ತೇನೆ. ಅದರ ಜೊತೆಗೆ ಮಕ್ಕಳಿಗೆ ಏನು ಹೇಳಲಿ?

ಹಿರಿಯರು: ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಅಂಕಣಗಳಿರುತ್ತವೆ, ಹೆಸರಿಗೊಂದು, ಹಂತಕ್ಕೊಂದು. ನೀನು ಮೂರನೆಯದೊಂದನ್ನು ಸೇರಿಸು: ಈ ಹಂತದಲ್ಲಿರುವವನಿಗೆ ಹಿರಿಯರು ಏನನ್ನು ಕೊಡಬೇಕು ಎಂಬುದು. ಆ ಅಂಕಣವನ್ನು ನೀನು ತುಂಬಬೇಡ, ಮಕ್ಕಳೇ ತುಂಬಲಿ. ಪ್ಯೂಪಿಲ್ ಎಂಬುದರ ಎದುರಿಗೆ ರಕ್ಷಣೆಯೆಂದು ಒಬ್ಬನು ಬರೆಯುವನು, ಫ್ರೆಶ್‌ಮನ್ ಎಂಬುದರ ಎದುರಿಗೆ ಸ್ವಾಗತವೆಂದು ಇನ್ನೊಬ್ಬಳು, ಸೀನಿಯರ್ ಎಂಬುದರ ಎದುರಿಗೆ ಬಹುಶಃ ಕೆಲಸವೆಂದು ಮತ್ತೊಬ್ಬನು. ತಮಗೆ ಏನು ಸಲ್ಲಬೇಕೆಂಬುದನ್ನು ಕೇಳಲು ಕಲಿತ ಮಕ್ಕಳು ನಾಳೆ ತಮಗಿಂತ ಕಿರಿಯರಿಗೆ ಅದನ್ನು ಸಲ್ಲಿಸಲೂ ಕಲಿಯುತ್ತಾರೆ. ಆ ಪುಟಗಳನ್ನು ನೀನೊಬ್ಬನೇ ಓದಿ ಮಡಿಸಿಡದೆ ನಿಮ್ಮ ಪ್ರಾಂಶುಪಾಲರಿಗೂ ತೋರಿಸು, ಕಾಲೇಜಿನ ಅಭಿವೃದ್ಧಿ ಸಮಿತಿಯ ಸಭೆಯಲ್ಲಿಯೂ ಓದಿ ಹೇಳು. ಕೊಡಬೇಕಾದವರ ಕಿವಿಗೆ ಬೀಳದೆ ಆ ಅಂಕಣವು ತುಂಬಿದಂತೆ ಆಗುವುದಿಲ್ಲ.